ಖೋಲಿ ದಲಾಲ

ಡಾಕ್ಟರು ಫಿಲ್ಮನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿ
ಪೆನ್ನಿನ ತುದಿಯಲ್ಲಿ ತೋರಿಸಿದರು:
ಹುಬ್ಬಿನ ಹಿಂದೆ ಎರಡು, ಕೆನ್ನೆಯೊಳಗೆ ಎರಡು,
ಕಣ್ಣುಗಳ ನಡುವೆ ಜೇನುಹಟ್ಟಿಯಂತೆ ಎರಡು ಕಟ್ಟು,
ಇನ್ನೂ ಆಳದಲ್ಲಿ, ಮಿದುಳಿನ ಅಡಿಪಾಯಕ್ಕೆ ತಾಗಿ, ಮತ್ತೆರಡು.
ಖಾಲಿ ಇರಬೇಕಾದವು, ಅಂದರು. ಬರೀ ಗಾಳಿಗೆ.

ನಾನು ಭಾಂಡುಪಿನ ಖೋಲಿ ದಲಾಲ.
ಮೂವತ್ತೆಂಟು ವರ್ಷ ಗುಡ್ಡ ಹತ್ತಿಸಿ
ಹತ್ತು-ಬೈ-ಹತ್ತು ತೋರಿಸಿದವನು.
ನಲ್ಲಿ ಎಷ್ಟು ಗಂಟೆಗೆ, ಮೋರಿ ಒಳಗೋ ಹೊರಗೋ,
ಗೋಡೆಯಾಚೆ ಯಾರ ಕೆಮ್ಮು, ಎಲ್ಲ ಬಾಯಿಪಾಠ.
ಇಷ್ಟೊಂದು ಜಾಗ, ಪಗಡಿಯಿಲ್ಲದೆ,
ನನ್ನದೇ ಮುಖದಲ್ಲಿ ಬಿದ್ದಿತ್ತೆಂದು
ಒಬ್ಬನೂ ಹೇಳಲಿಲ್ಲ.

ಮೂಗಿನ ಹಿಂಬಾಗಿಲಲ್ಲಿ
ಕಾಗದಪತ್ರ ಇಲ್ಲದೆ ಬಂದು ಕೂತಿದ್ದವನನ್ನು
ಪರೇಲಿನ ನೆಲಮಾಳಿಗೆಯಲ್ಲಿ ಮೂವತ್ಮೂರು ದಿನ
ಬೆಂಕಿಯಿಟ್ಟು ಎಬ್ಬಿಸಿದರು.
ಜಾಲರಿ ಮುಖವಾಡ ಬಿಗಿದು ಮಲಗಿಸಿ
ಎಲ್ಲರೂ ಹೊರಗೆ ಓಡುತ್ತಿದ್ದರು.
ಹೊಗೆಯಿಲ್ಲದ ಆ ಉರಿಯಲ್ಲಿ ನಾನು ಸ್ಟೇಶನ್ನು ಎಣಿಸುತ್ತಿದ್ದೆ:
ಭಾಂಡುಪ್, ಕಾಂಜೂರ್, ವಿಕ್ರೋಳಿ, ಘಾಟ್ಕೋಪರ್.
ಇಪ್ಪತ್ತನೆಯ ದಿನದಿಂದ ಉಗುಳು ನುಂಗಲಾಗದೆ
ಎಣಿಕೆ ವಿಕ್ರೋಳಿಯಲ್ಲೇ ನಿಲ್ಲುತ್ತಿತ್ತು.

ಅವನು ಹೋದ. ನಿಜ. ಸ್ಕ್ಯಾನಿನಲ್ಲಿ ಅವನಿಲ್ಲ.
ಆದರೆ ಗೋಡೆಗಳು ಬೆಂದಿವೆ.
ಕಣ್ಣಿಗೆ ಕಾಣದಷ್ಟು ಸಣ್ಣ ಗುಡಿಸುವವರಿದ್ದರಂತೆ ಒಳಗೆ,
ಹಗಲೂ ರಾತ್ರಿ ಕೊಳೆಯನ್ನು ಬಾಗಿಲ ಕಡೆಗೆ ತಳ್ಳುತ್ತಾ,
ಸಂಬಳ ಕೇಳದೆ, ಮುಷ್ಕರ ಹೂಡದೆ.
ಅವರೂ ಸುಟ್ಟುಹೋದರಂತೆ.
ಈಗ ಎಂಟೂ ಖೋಲಿಗಳಲ್ಲಿ ಜುಲೈ ತಿಂಗಳ ಸೋರಿಕೆ,
ಹಳದಿ, ಹಸಿರು, ಒಮ್ಮೊಮ್ಮೆ ರಕ್ತದ ಎಳೆ.
ಬಗ್ಗಿದರೆ ಕೆನ್ನೆಯಲ್ಲಿ
ಯಾರೋ ಕಬ್ಬಿಣದ ಟ್ರಂಕು ಎಳೆದಂತೆ.

ಬೆಳಿಗ್ಗೆ ಐದಕ್ಕೆ ವಾರಿಜ ನೀರು ಕುದಿಸಿ ಆರಿಸುತ್ತಾಳೆ,
ಒಂದು ಚಮಚ ಉಪ್ಪು, ಚಿಟಿಕೆ ಸೋಡ.
ಮೋರಿಯ ಮೇಲೆ ಬಗ್ಗಿ ಬಲ ಹೊಳ್ಳೆಗೆ ಹೊಯ್ದರೆ
ಎಡದಿಂದ ಬರಬೇಕು.
ಬರುವುದಿಲ್ಲ. ಕಾಯುತ್ತೇವೆ.
ಆಮೇಲೆ, ಉದುರಿದ ಗಿಲಾವಿನ ಚೂರಿನಂತೆ ಒಂದು ಹಕ್ಕಳೆ,
ಅದರ ಹಿಂದೆ ನೀರು.
'ಇವತ್ತು ನಾತ ಕಮ್ಮಿ,' ಎನ್ನುತ್ತಾಳೆ.
ನನ್ನ ಪಾಲಿಗೆ ನಾತವೂ ಇಲ್ಲ, ಅವಳು ಕಾಯಿಸುವ ಬಂಗುಡೆಯೂ ಇಲ್ಲ.
ನಂಬುತ್ತೇನೆ. ಬೇರೆ ಏನು ಮಾಡಲಿ.

ಫೋರ್ಟಿನ ರಾತ್ರಿಶಾಲೆಯಲ್ಲಿ ಮಾಸ್ತರು
ಅಕ್ಷರಗಳನ್ನು ಚಾಳಿನ ಹಾಗೆ ಬರೆಯುತ್ತಿದ್ದರು, ಸಾಲಿಗೆ ಐದು.
ಕೊನೆಯ ಖೋಲಿ ಮೂಗಿನವರದು:
ಙ, ಞ, ಣ, ನ, ಮ.
(ಮೊದಲೆರಡರಲ್ಲಿ ಆಗಲೂ ಯಾರೂ ವಾಸವಿರಲಿಲ್ಲ.)
ಈಗ ಐದಕ್ಕೂ ಬೀಗ.
ಊರಿನವರ ಫೋನು ಬಂದಾಗ ಮನೆ ಬೇಕೇ ಎನ್ನುತ್ತೇನೆ,
'ಬದೆ ಬೇಕೇ' ಎಂದು ಕೇಳಿಸುತ್ತದಂತೆ.
ಯಾರು ಮಾತಾಡೋದು? ನಾನೇ, ಮೋನಪ್ಪ.
'ದಾದೇ, ಬೋದಪ್ಪ.'
ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಾರೆ
ನಾನೇ ಖೋಲಿ ಕೊಡಿಸಿದವರು.
ದಾದೆ ಅಂದರೆ ನಮ್ಮ ತುಳುವಿನಲ್ಲಿ 'ಏನು?'
ಸ್ಟವ್ವಿನ ಹತ್ತಿರದಿಂದ ವಾರಿಜ, ತಿರುಗಿಯೂ ನೋಡದೆ,
'ದಾಲಾ ಇಜ್ಜಿ' ಎನ್ನುತ್ತಾಳೆ. ಏನೂ ಇಲ್ಲ.
ಮೊದಮೊದಲು ಸಿಟ್ಟು ಬರುತ್ತಿತ್ತು.

ರಾತ್ರಿ ಅಡ್ಡಾದರೆ ಎಂಟೂ ಒಟ್ಟಿಗೆ ತುಂಬುತ್ತವೆ,
ಗೋಡೆಗೊರಗಿ ಕೂತೇ ಇರುತ್ತೇನೆ.
ಕೊನೆಯ ಲೋಕಲ್ಲು ಹೋಗುತ್ತದೆ.
ನಾಲಿಗೆಯ ಮೇಲೆ ಹೆಸರುಗಳನ್ನು ಪರೀಕ್ಷಿಸುತ್ತೇನೆ:
ಮಗಳು ನಮಿತಾ 'ದಬಿತಾ' ಆಗುತ್ತಾಳೆ,
ಸತ್ತ ಅಮ್ಮ 'ಅಬ್ಬ'.
ವಾರಿಜ ಮಾತ್ರ ವಾರಿಜ.
ಬೀಗ ಬಿದ್ದ ಯಾವ ಬಾಗಿಲನ್ನೂ ತಟ್ಟದೆ
ಬಾಯಿಂದ ನೇರ ಹೊರಬರುತ್ತದೆ ಆ ಹೆಸರು.

ಕರೆಯುತ್ತೇನೆ.
ನಿದ್ದೆಯಲ್ಲೇ ಅವಳು, 'ದಾದೆ?'
ದಾಲಾ ಇಜ್ಜಿ, ಎನ್ನುತ್ತೇನೆ,
ಒಂದಕ್ಷರವೂ ಕೆಡದ ಹಾಗೆ.